ದೊಡ್ಡಮ್ಮನ ‘ಸ’ ಹಿಡಿದಿಟ್ಟ ಸಂಜೆ

ಜುಲೈ ಕೊನೆಯ ವಾರ. ಚಿಕ್ಕಮಗಳೂರಿನಿಂದ ಆಲ್ದೂರಿಗೆ ಹೋಗುವ ದಾರಿಯಲ್ಲಿ ನಮ್ಮ ದೊಡ್ಡಮ್ಮನ ಮನೆ. ಎಲ್ಲೋ ಲೈನಿನ ಮೇಲೆ ಮರ ಬಿದ್ದು ಎರಡು ದಿನದಿಂದ ಕರೆಂಟ್ ಇರಲಿಲ್ಲ. ಮಳೆಗಾಲದಲ್ಲಿ ಇಲ್ಲಿ ಅದು ಮಾಮೂಲು. ಆದರೆ ದೊಡ್ಡಮ್ಮನಿಗೆ ದೀಪ ಹಚ್ಚಿದ ಮೇಲೆ ಒಂದು ಗಂಟೆ ಹಾಡಲೇಬೇಕು. ಹಾಡಿಗೆ ಆಧಾರ ಸ್ವರ ಮೊಳಗಿಸುವ ಶ್ರುತಿ ಪೆಟ್ಟಿಗೆ ಕರೆಂಟಿನದು. ತಂಬೂರಿಯಲ್ಲಿ ಪಂಚಮದ (‘ಪ’) ತಂತಿ, ಸಾರಣಿ ಅನ್ನುವ ‘ಸ’ ತಂತಿ ಎರಡೂ ಕಿತ್ತು ತಿಂಗಳಾಗಿತ್ತು. ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿಕೊಟ್ಟೆ. ಎರಡು ನಿಮಿಷ ಕೇಳಿ, “ಇದು ಬೇರೆ ಯಾರದೋ ಮನೆ ತಂಬೂರಿ ಕಣೋ ಪುಟ್ಟಾ” ಅಂದರು.

ಆ ಮಾತು ನನಗೆ ಸರಿ ಅನ್ನಿಸಿತು, ಇವರ ಮನೆಯದೇ ಸದ್ದು ಬೇಕು. ನನ್ನ ಲ್ಯಾಪ್‌ಟಾಪ್‌ನಲ್ಲಿ ಅರ್ಧ ಚಾರ್ಜ್ ಇತ್ತು, ಅದರಲ್ಲಿ ಫ್ರೀಜ್ ಅಂತ ಸದ್ದನ್ನು ಬದಲಿಸುವ ಒಂದು ಎಫೆಕ್ಟ್ ಇತ್ತು. ಮೈಕಿನಿಂದ ಬರುವ ಸದ್ದಿನ ಒಂದು ಚೂರನ್ನು ಅದು ಹಿಡಿದುಕೊಳ್ಳುತ್ತದೆ, ಆಮೇಲೆ ನಾವು ಸಾಕು ಅನ್ನುವವರೆಗೂ ಅದನ್ನೇ ಮೊಳಗಿಸುತ್ತಿರುತ್ತದೆ. ಸುಮ್ನೆ ಮತ್ತೆ ಮತ್ತೆ ಹಾಕುವುದಲ್ಲ ಅದು. ಹಾಗೆ ಮಾಡಿದರೆ ಪ್ರತಿ ಸುತ್ತಿಗೂ ಒಂದು ‘ಟಕ್’ ಕೇಳುತ್ತದೆ. ಇದು ಆ ಚೂರನ್ನು ಬಿಡಿಸಿ ಯಾವ ಕಂಪನ ಎಷ್ಟು ಜೋರಿದೆ ಅಂತ ಲೆಕ್ಕ ಇಟ್ಟುಕೊಳ್ಳುತ್ತದೆ. ಆಮೇಲೆ ಅಷ್ಟಷ್ಟೇ ಜೋರು ಉಳಿಸಿಕೊಂಡು, ಪ್ರತಿ ಅಲೆಯೂ ಶುರುವಾಗುವ ಜಾಗವನ್ನು ಮಾತ್ರ ಪ್ರತಿ ಸಲ ಬೇರೆ ಬೇರೆ ಮಾಡಿ, ಒಂದರ ಮೇಲೊಂದು ಚೂರು ಹಾಸುತ್ತಾ ಹೋಗುತ್ತದೆ. ಅದಕ್ಕೇ ಬೆಸುಗೆ ಎಲ್ಲಿದೆ ಅಂತ ಕಿವಿಗೆ ಸಿಗುವುದಿಲ್ಲ.

ಮೊದಲು ತಂಬೂರಿಯ ಮಂದ್ರ ತಂತಿಯನ್ನೇ, ಅಂದರೆ ತಗ್ಗಿನ ‘ಸ’ ತಂತಿಯನ್ನೇ, ಮೀಟಿ ಹಿಡಿದೆ. ಬಂದದ್ದು ಭದ್ರಾ ಹೊಳೆ ಉಕ್ಕಿ ಹರಿದಂಥ ಸದ್ದು! ಹೆಂಚಿನ ಮೇಲೆ ಮಳೆ ಹೊಡೆಯುತ್ತಿತ್ತಲ್ಲ, ತಂತಿ ಯಾವುದು ಮಳೆ ಯಾವುದು ಅಂತ ಅದಕ್ಕೇನು ಗೊತ್ತು. ಒಳಕೋಣೆಗೆ ಹೋದೆವು. ಅಲ್ಲಿ ಮೇಲೆ ಹಲಗೆಯ ಅಟ್ಟ, ಗೋಡೆಗೆ ಒರಗಿಸಿ ಪೇರಿಸಿದ ಕಾಫಿ ಚೀಲಗಳು. ಮಳೆ ತುಂಬಾ ಕಡಿಮೆ ಕೇಳುತ್ತಿತ್ತು. ಮೀಟಿದ ಕ್ಷಣದ ಪೆಟ್ಟು ಬೇಡ ಅಂತ ಅರ್ಧ ಸೆಕೆಂಡ್ ಬಿಟ್ಟು ಹಿಡಿದೆ. ಈಗ ಸ್ವರ ಶುದ್ಧವಾಗಿ ನಿಂತಿತು. ದೊಡ್ಡಮ್ಮ ಕಣ್ಣು ಮುಚ್ಚಿ ಕೇಳಿದರು. “ಜೀವಾಳಿ ಬಿಚ್ಚಿದ ಹಾಗಿದೆ” ಅಂದರು.

ಜೀವಾಳಿ ಅಂದರೆ ತಂಬೂರಿಯ ಕುದುರೆಯ (ತಂತಿಗಳನ್ನು ಹೊರುವ ಪಟ್ಟಿಯ) ಮೇಲೆ ತಂತಿಯ ಅಡಿಗೆ ಸಿಕ್ಕಿಸುವ ದಾರದ ಎಳೆ. ತಂತಿ ಕುದುರೆಯ ಬಾಗಿದ ಮೈಗೆ ಸವರಿಕೊಂಡು ಅದುರುವಾಗ ಮೇಲಿನ ಸ್ವರಗಳು ಒಂದೊಂದಾಗಿ ಅರಳಿ ಇಳಿಯುತ್ತವೆ. ಅದೇ ತಂಬೂರಿಯ ಝೇಂಕಾರ, ಮತ್ತು ಅದಕ್ಕೆ ಸಮಯ ಬೇಕು. ನಾನು ಹಿಡಿದದ್ದು ಒಂದೇ ಗಳಿಗೆ. ಅರಳುವುದೂ ಇಲ್ಲ, ಇಳಿಯುವುದೂ ಇಲ್ಲ. ಎಂಥಾ ಕಿವಿ ಅವರದು, ಅಲ್ವಾ? ಎಫೆಕ್ಟ್ ಅಂದರೇನು ಅಂತ ಕೇಳದೆಯೇ ಅದರ ಕೊರತೆ ಹೇಳಿಬಿಟ್ಟರು.

“ಹಾಗಾದರೆ ನೀವೇ ‘ಸ’ ಹಿಡೀರಿ ದೊಡ್ಡಮ್ಮ” ಅಂದೆ.

“ನನಗೆ ಈಗ ಉಸಿರೆಲ್ಲಿದೆಯೋ.”

ಹೌದು, ಮೊದಲಿನ ಉಸಿರು ಈಗಿಲ್ಲ. ನಾನು ಚಿಕ್ಕವನಿದ್ದಾಗ ಅವರು ಹಾಡುವ ಎತ್ತರ ಐದೂವರೆ ಶ್ರುತಿ. ಈಗ ತಗ್ಗಿ ನಾಲ್ಕೂವರೆ, ಅಂದರೆ ಷಡ್ಜ (‘ಸ’) ಸುಮಾರು 185 ಹರ್ಟ್ಜ್, ಸೆಕೆಂಡಿಗೆ ಅಷ್ಟು ಕಂಪನ. ಅದನ್ನೂ ಜಾಸ್ತಿ ಹೊತ್ತು ಹಿಡಿದರೆ ಕೆಮ್ಮು ಬರುತ್ತದೆ. ಆದರೆ ನನಗೆ ಬೇಕಾಗಿದ್ದದ್ದು ಬರೀ ಒಂದೂವರೆ ಸೆಕೆಂಡ್. ಕಂಪ್ಯೂಟರ್ ಸದ್ದನ್ನು ಸೆಕೆಂಡಿಗೆ 44,100 ಸಲ ಅಳೆದಿಡುತ್ತದೆ, ಒಂದೊಂದು ಅಳತೆಯೂ ಒಂದು ಸ್ಯಾಂಪಲ್; ಆ ಲೆಕ್ಕದಲ್ಲಿ 65,536 ಸ್ಯಾಂಪಲ್‌ನ ಚೂರು. ಮೊದಲು 4,096ಕ್ಕೆ ಇಟ್ಟಿದ್ದೆ, ಅದು ಒಂದು ಸೆಕೆಂಡಿನ ಹತ್ತನೇ ಒಂದು ಭಾಗವೂ ಇಲ್ಲ, ಮಿಷನ್ನಿನ ಗುಂಯ್ ಆಗಿತ್ತು. ಉದ್ದದ ಚೂರಿನಲ್ಲಿ ಅವರ ದನಿಯ ಸಣ್ಣ ನಡುಕವೂ ಸೇರಿಕೊಂಡಿತು. ಆ ನಡುಕ ಹರಡಿ, ಒಬ್ಬರ ದನಿ ನಾಲ್ಕೈದು ಜನ ಒಟ್ಟಿಗೆ ಹಿಡಿದ ಹಾಗೆ ದಪ್ಪಗಾಯಿತು. ಹಿಡಿದ ಮೇಲೆ ಮೈಕ್ ಮುಚ್ಚಿಬಿಟ್ಟೆ, ಸ್ಪೀಕರಿನ ಸದ್ದು ಮತ್ತೆ ಒಳಗೆ ಹೋಗಬಾರದಲ್ಲ.

ದೊಡ್ಡಮ್ಮ ಒಂದು ನಿಮಿಷ ಮಾತೇ ಆಡಲಿಲ್ಲ. ಆಮೇಲೆ ಮೆಲ್ಲಗೆ ಅದರ ಮೇಲೆ ಪಂಚಮ ಇಟ್ಟರು. ಅಲ್ಲಿಂದ ಒಂದು ದೇವರನಾಮ. ಉಸಿರು ಸಾಲದ ಕಡೆ ನಿಲ್ಲಿಸಿದರೂ ಕೆಳಗೆ ಅವರದೇ ಷಡ್ಜ ನಿಂತಿರುತ್ತಿತ್ತು, ಹಾಗಾಗಿ ಅವರು ಗಾಬರಿಯಿಲ್ಲದೆ ಉಸಿರು ತೆಗೆದುಕೊಂಡು ಮತ್ತೆ ಸೇರಿಕೊಳ್ಳುತ್ತಿದ್ದರು. ನನಗೆ ಗಂಟಲು ಕಟ್ಟಿತು. ಐವತ್ತು ನಿಮಿಷಕ್ಕೆ ಬ್ಯಾಟರಿ ಮುಗಿದು ಲ್ಯಾಪ್‌ಟಾಪ್ ಆರಿತು.

ಆಗ ಹೊಳೆಯಿತು. ಫ್ರೀಜ್ ಮಾಡಿದ್ದು ಮೆಮೊರಿಯಲ್ಲಿ ಮಾತ್ರ ಇರುತ್ತದೆ. ನಾನು ರೆಕಾರ್ಡ್ ಒತ್ತಿರಲೇ ಇಲ್ಲ. ಆ ಷಡ್ಜ ಹೋಗಿತ್ತು. ಮರುದಿನ ಕರೆಂಟ್ ಬಂದ ತಕ್ಷಣ, ಬೆಳಿಗ್ಗೆಯೇ, ಮೈಕ್ ಹಿಡಿದು ಅವರ ಮುಂದೆ ಕೂತೆ. ದೊಡ್ಡಮ್ಮ ತೊಗರಿಬೇಳೆ ಆರಿಸುತ್ತಿದ್ದರು.

“ಬೆಳಿಗ್ಗೆ ನನ್ನ ದನಿ ಬಿಟ್ಟಿರೋದಿಲ್ಲ. ದೀಪ ಹಚ್ಚಿದ ಮೇಲೆ ಬಾ” ಅಂದರು.

ಸಂಜೆ ಮತ್ತೆ ಹಿಡಿದೆವು. ನಿನ್ನೆಯಷ್ಟು ದಪ್ಪ ಇರಲಿಲ್ಲ, ಕೊನೆಗೆ ಸ್ವಲ್ಪ ಉಸಿರಿನ ಸದ್ದೂ ಸೇರಿದೆ. ಈ ಸಲ ಹತ್ತು ನಿಮಿಷ ರೆಕಾರ್ಡ್ ಮಾಡಿ, ಅವರ ಫೋನಿಗೂ ಹಾಕಿಕೊಟ್ಟಿದ್ದೇನೆ.