ಹಿತ್ತಿಲಿನ ಬೇವಿನ ಗಿಡ ಮತ್ತು 1976ರ ಕಾಯ್ದೆ

ಕಲಬುರಗಿಯ ಬ್ರಹ್ಮಪುರದಲ್ಲಿರುವ ನಮ್ಮ ಹಳೆಯ ಮನೆಯ ಹಿತ್ತಿಲಿನಲ್ಲಿ ಅಜ್ಜ ನೆಟ್ಟ ಬೇವಿನ ಗಿಡವೊಂದಿದೆ. ಎಷ್ಟೇ ದೊಡ್ಡದಾಗಿ ಬೆಳೆದರೂ ಅದನ್ನು ಗಿಡವೆಂದೇ ಕರೆಯುವುದು ನಮ್ಮ ಕಡೆಯ ರೂಢಿ. ಒಬ್ಬರ ತೆಕ್ಕೆಗೆ ಸಿಗದ ಈ ಕಾಂಡವೂ ನಮ್ಮ ಮನೆಯವರ ಬಾಯಲ್ಲಿ ಗಿಡವೇ. ಹೋದ ವರ್ಷ ಹಿತ್ತಿಲಿನಲ್ಲಿ ಎರಡು ಕೋಣೆ ಕಟ್ಟಿಸಬೇಕೆಂದು ನಿಶ್ಚಯಿಸಿದಾಗ ಅದರ ಬೇರುಗಳು ಅಂಗಳಕ್ಕೆ ಹಾಸಿದ ಶಹಾಬಾದಿ ಪರಸಿಕಲ್ಲುಗಳನ್ನು ಗೇಣುದ್ದ ಮೇಲಕ್ಕೆತ್ತಿದ್ದವು, ಒಂದು ಕೊಂಬೆ ಪಕ್ಕದ ಮನೆಯ ತಗಡಿನ ಮೇಲೆ ಬಾಗಿತ್ತು. ಕಟ್ಟಡದ ಕೆಲಸ ಹಿಡಿದವರು ಸ್ಥಳ ನೋಡಿದ ಕೂಡಲೇ, "ನಿಮ್ಮ ಜಾಗ, ನಿಮ್ಮ ಗಿಡ, ಯಾರ್ ಕೇಳ್ತಾರ್ರಿ? ರವಿವಾರ ಕಡಿಸಿಬಿಡೋಣು" ಎಂದರು. ಆಳುಗಳ ಕೂಲಿಯೂ ನಿಗದಿಯಾಯಿತು. ಆ ಮಾತನ್ನು ನಾನೂ ಎರಡು ದಿನ ನಂಬಿದ್ದೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ನಂಬಿಕೆ ಅಲುಗಿದ್ದು ಅರಣ್ಯ ಇಲಾಖೆಯಿಂದ ನಿವೃತ್ತರಾದ ನೆರೆಯವರೊಬ್ಬರು ಕೇಳಿದ ಒಂದೇ ಪ್ರಶ್ನೆಯಿಂದ: "ಅರ್ಜಿ ಕೊಟ್ಟಿದ್ದೀರಾ?" ಜಾಗ ನಮ್ಮದಾಗಿದ್ದರೆ ಅದರಲ್ಲಿ ಬೆಳೆದ ಮರವನ್ನು ನಮ್ಮಿಷ್ಟದಂತೆ ಕಡಿಯಬಹುದೆಂಬ ತಿಳಿವಳಿಕೆ ಊರಲ್ಲೆಲ್ಲ ಇದೆ, ಆದರೆ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976 ಹಾಗೆ ಹೇಳುವುದಿಲ್ಲ. ಅದರ 8ನೇ ಪ್ರಕರಣದ ಪ್ರಕಾರ, ಮರವನ್ನು ಕಡಿಯಬಯಸುವವರು ಖಾಸಗಿ ಜಾಗದ ಮಾಲೀಕರೇ ಆಗಿದ್ದರೂ ಮೊದಲು ವೃಕ್ಷಾಧಿಕಾರಿಗೆ ಲಿಖಿತ ಅರ್ಜಿ ಸಲ್ಲಿಸಿ ಅನುಮತಿ ಪಡೆಯಬೇಕು. ವೃಕ್ಷಾಧಿಕಾರಿ ಎಂದರೆ ಈ ಕೆಲಸಕ್ಕಾಗಿ ಸರ್ಕಾರ ನೇಮಿಸಿದ ಅರಣ್ಯಾಧಿಕಾರಿ. ಮನೆ ಕಟ್ಟುವ ಪರವಾನಗಿಗಾಗಿ ನಾವು ಮಹಾನಗರ ಪಾಲಿಕೆಗೆ ಅಲೆಯುತ್ತೇವೆ, ಆ ಕಾಗದ ಕೈಗೆ ಬಂದರೆ ಎಲ್ಲವೂ ಮುಗಿಯಿತೆಂದು ತಿಳಿಯುತ್ತೇವೆ. ಮರದ ಅನುಮತಿ ಬೇರೆಯದೇ ದಾರಿ.

ಇದರರ್ಥ ಯಾವ ಮರವನ್ನೂ ಮುಟ್ಟಲಾಗದು ಎಂದಲ್ಲ. ಕಾಯ್ದೆ ಕೆಲವು ಜಾತಿಗಳನ್ನು ಅನುಮತಿಯ ಕಟ್ಟಿನಿಂದ ಹೊರಗಿಟ್ಟಿದೆ: ತೆಂಗು, ನೀಲಗಿರಿ, ಗಾಳಿಮರ, ಸುಬಾಬುಲ್, ಸಿಲ್ವರ್ ಓಕ್, ಗ್ಲಿರಿಸಿಡಿಯ ಮೊದಲಾದವು ಆ ಪಟ್ಟಿಯಲ್ಲಿವೆ. ಪಟ್ಟಿ ತಿದ್ದುಪಡಿಗಳಿಂದ ಬದಲಾಗುತ್ತದೆ, ಆದ್ದರಿಂದ ಹಳೆಯ ಪ್ರತಿಯನ್ನೋ ಕೇಳಿದ ಮಾತನ್ನೋ ನೆಚ್ಚದೆ ವಲಯ ಅರಣ್ಯ ಕಚೇರಿಯಲ್ಲಿ ಈಗಿನ ಪಟ್ಟಿಯನ್ನೇ ನೋಡುವುದು ಕ್ಷೇಮ. ಬೇವು ಈ ಪಟ್ಟಿಯಲ್ಲಿಲ್ಲವೆಂದು ಕಚೇರಿಯಲ್ಲಿ ನನಗೆ ಸ್ಪಷ್ಟಪಡಿಸಿದರು. ಗಂಧದ ಮರದ ಮಾತು ಇನ್ನೂ ಬೇರೆ. ಕರ್ನಾಟಕ ಅರಣ್ಯ ಕಾಯ್ದೆಗೆ ಬಂದ 2001ರ ತಿದ್ದುಪಡಿಯ ನಂತರ ಖಾಸಗಿ ಜಮೀನಿನ ಗಂಧ ಜಮೀನಿನ ಒಡೆಯರದ್ದೇ ಆಗಿದ್ದರೂ ಅನುಮತಿಯಿಲ್ಲದೆ ಅದನ್ನು ತಾವೇ ಕಡಿಯುವಂತಿಲ್ಲ. ಇನ್ನು ರಸ್ತೆಬದಿಯ, ಉದ್ಯಾನದ, ಶಾಲೆಯ ಅಂಗಳದ ಮರಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅವು ನಮ್ಮ ಗೋಡೆಗೆ ಎಷ್ಟೇ ಒತ್ತಿಕೊಂಡಿದ್ದರೂ ನಮ್ಮವಲ್ಲ.

ಅರ್ಜಿಯಲ್ಲಿ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು ಕಾರಣದ ಕಾಲಂ. ಯಾವ ಸಂದರ್ಭಗಳಲ್ಲಿ ಅನುಮತಿಯನ್ನು ನಿರಾಕರಿಸಬಾರದೆಂದು ಕಾಯ್ದೆಯೇ ಹೇಳಿದೆ: ಮರ ಸತ್ತಿದ್ದರೆ, ರೋಗ ತಗುಲಿದ್ದರೆ, ಗಾಳಿಗೆ ಬಿದ್ದಿದ್ದರೆ, ಜೀವಕ್ಕೋ ಆಸ್ತಿಗೋ ಅಪಾಯ ತರುವಂತಿದ್ದರೆ, ಸಂಚಾರಕ್ಕೆ ಅಡ್ಡಿಯಾಗಿದ್ದರೆ, ಬೆಂಕಿ ಇಲ್ಲವೆ ಸಿಡಿಲಿನಿಂದ ತೀವ್ರವಾಗಿ ಹಾನಿಗೊಂಡಿದ್ದರೆ. ನಾನು ಬರೆಯಬೇಕೆಂದುಕೊಂಡಿದ್ದ ಕಾರಣ "ಕೋಣೆ ಕಟ್ಟಲು ಅಡ್ಡಿಯಾಗಿದೆ" ಎಂಬುದು. ಅದು ಈ ಸಾಲಿನಲ್ಲಿ ಎಲ್ಲಿಯೂ ಇರಲಿಲ್ಲ. "ಅಪಾಯ ಅಂತ ಬರೀರಿ, ಸಾಕು" ಎಂಬ ಸಲಹೆ ಒಂದೆರಡು ಕಡೆಯಿಂದ ಬಂದಿತು. ಆದರೆ ಅರ್ಜಿ ಕೊಟ್ಟ ಮೇಲೆ ಅಧಿಕಾರಿ ಸ್ಥಳಕ್ಕೆ ಬಂದು ನೋಡುತ್ತಾರೆ, ಮತ್ತು ಹಸಿರಾಗಿ ನಿಂತ ಮರದ ಮುಂದೆ ಸುಳ್ಳು ಬರೆದ ಕಾಗದ ಹಿಡಿದು ನಿಲ್ಲಲು ನನಗೆ ಮನಸ್ಸಾಗಲಿಲ್ಲ. ಇದ್ದದ್ದನ್ನೇ ಬರೆದೆ: ಬೇರಿನಿಂದ ಪರಸಿ ಎದ್ದಿದೆ, ಒಂದು ಕೊಂಬೆ ಟೊಳ್ಳಾಗಿ ನೆರೆಮನೆಯ ಮೇಲೆ ಬಾಗಿದೆ, ಕಟ್ಟಡದ ಯೋಜನೆ ಇದೆ. ಜೊತೆಗೆ ಖಾತೆಯ ಪ್ರತಿ, ಮರ ನಿಂತಿರುವ ಜಾಗವನ್ನು ಗುರುತಿಸಿದ ನಕ್ಷೆ ಮತ್ತು ನಾಲ್ಕು ದಿಕ್ಕಿನಿಂದ ತೆಗೆದ ಫೋಟೋಗಳನ್ನು ಲಗತ್ತಿಸಿದೆ.

ಪರಿಶೀಲನೆಗೆ ಬಂದವರು ನೆಲದಿಂದ 1.37 ಮೀಟರ್ ಎತ್ತರದಲ್ಲಿ ಟೇಪು ಸುತ್ತಿ ಕಾಂಡವನ್ನು ಅಳೆದರು. ಎದೆಮಟ್ಟದ ಈ ಅಳತೆ ಅರಣ್ಯದವರ ರೂಢಿಯ ಪ್ರಮಾಣ. ಆಮೇಲೆ ಟೊಳ್ಳು ಕೊಂಬೆಯ ಪೊಟರೆಯತ್ತ ಕೈ ತೋರಿಸಿದರು. ಅದರಲ್ಲಿ ಗಿಳಿಗಳು ಗೂಡು ಮಾಡಿದ್ದವು. ದಿನವೂ ಅವುಗಳ ಕೂಗು ಕೇಳುತ್ತಿದ್ದ ನನಗೆ ಅದು ಕಾನೂನಿನ ವಿಷಯವೂ ಹೌದೆಂದು ಹೊಳೆದಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬ ಪದದ ವ್ಯಾಖ್ಯೆಯೊಳಗೆ ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದು, ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಮರ ಕಡಿಯುವ ಅನುಮತಿ ಕೈಯಲ್ಲಿದ್ದರೂ ಮರಿಗಳಿರುವ ಗೂಡಿನ ಮೇಲೆ ಗರಗಸ ಇಡುವುದಕ್ಕೆ ಅದು ರಕ್ಷಣೆಯಾಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಯಾರೇ ಆಗಲಿ ಅರ್ಜಿ ಬರೆಯುವ ಮೊದಲೇ ಪೊಟರೆಗಳನ್ನು ಒಂದು ವಾರ ಬೆಳಿಗ್ಗೆ ಸಂಜೆ ಗಮನಿಸಬೇಕು.

ಕಡಿಯಲು ಅನುಮತಿ ಸಿಕ್ಕವರಿಗೂ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ವೃಕ್ಷಾಧಿಕಾರಿ ಸೂಚಿಸಿದಷ್ಟು ಮತ್ತು ಸೂಚಿಸಿದ ಜಾತಿಯ ಸಸಿಗಳನ್ನು ನೆಡುವ ಹೊಣೆ ಅವರದ್ದು. ಮರದ ದಿಮ್ಮಿಯನ್ನು ಸಾಮಿಲ್ಲಿಗೆ ಒಯ್ಯಬೇಕಾದರೆ ಸಾಗಣೆಯ ರಹದಾರಿ ಬೇಕೇ ಎಂದು ಪ್ರತ್ಯೇಕವಾಗಿ ಕೇಳಿಕೊಳ್ಳಬೇಕು, ಏಕೆಂದರೆ ಕಡಿಯುವ ಅನುಮತಿಯೇ ಸಾಗಿಸುವ ಅನುಮತಿಯಲ್ಲ.

ನಮ್ಮ ವಿಷಯದಲ್ಲಿ ಟೊಳ್ಳು ಕೊಂಬೆಯನ್ನು ಮರಿಗಳು ಹಾರಿಹೋದ ಮೇಲೆ ತೆಗೆಯಬಹುದೆಂದು, ಉಳಿದ ಮರ ಆರೋಗ್ಯವಾಗಿರುವುದರಿಂದ ಅದನ್ನು ಕಡಿಯಲು ಕಾರಣವಿಲ್ಲವೆಂದು ತಿಳಿಸಿದರು. ಆ ಉತ್ತರ ಕೇಳಿ ಮೊದಲು ಬೇಸರವಾಯಿತು, ಏಕೆಂದರೆ ಎರಡು ಕೋಣೆಯ ನಕ್ಷೆ ಒಂದೂವರೆ ಕೋಣೆಗೆ ಇಳಿಯಿತು. ಏಪ್ರಿಲ್ ತಿಂಗಳ ಮಧ್ಯಾಹ್ನ, ಬಿಸಿಲು 42 ಡಿಗ್ರಿ ದಾಟಿ ಕಲ್ಲಿನ ಮಾಳಿಗೆ ಕಾದ ಹೆಂಚಿನಂತಾಗುವ ಹೊತ್ತಿನಲ್ಲಿ, ಅವ್ವ ಅದೇ ಗಿಡದ ಬುಡದಲ್ಲಿ ಹೊರಸು ಹಾಕಿಕೊಂಡು ತೊಗರಿ ಹಸನು ಮಾಡುವುದನ್ನು ಕಂಡಾಗ ಆ ಬೇಸರ ಹೋಯಿತು. ಈಗ ಗೋಡೆಯ ಅಡಿಪಾಯ ಬೇರಿನ ಮೇಲೆ ಬಾರದಂತೆ ಕಂಬಗಳನ್ನು ಎರಡೂ ಬದಿಗೆ ಸರಿಸಿ, ನಡುವೆ ನೆಲದಿಂದ ಮೇಲೆ ಬೀಮ್ ಹಾಯಿಸಿದ್ದೇವೆ. ಎದ್ದ ಪರಸಿಗಳನ್ನು ತೆಗೆದು ಆ ಜಾಗವನ್ನು ಮಣ್ಣಾಗಿಯೇ ಬಿಟ್ಟಿದ್ದೇವೆ. ಕೊಂಬೆ ತೆಗೆಸುವುದು ಇನ್ನೂ ಬಾಕಿಯಿದೆ. ಪೊಟರೆಯಲ್ಲಿ ಮರಿಗಳ ಸದ್ದು ನಿಂತಿಲ್ಲ.