ಗುಲ್ಮಾರ್ಗವೋ ಔಲಿಯೋ: ತುಮಕೂರಿನಿಂದ ಹಿಮದ ಇಳಿಜಾರಿಗೆ

ನಮ್ಮ ಮನೆಯ ಐವರಲ್ಲಿ ಒಬ್ಬರೂ ಈವರೆಗೆ ಹಿಮವನ್ನು ಕಣ್ಣಾರೆ ಕಂಡವರಲ್ಲ. ಮಾಘದ ಬೆಳಗಿನಲ್ಲಿ ದೇವರಾಯನದುರ್ಗದ ಮೇಲೆ ಮಂಜು ಕವಿದು, ಎದುರಿನ ಬಂಡೆಯೂ ಕಾಣದಂತಾಗುವುದೇ ನಾವು ಕಂಡ ಚಳಿ. ಇಂಜಿನಿಯರಿಂಗ್ ಮೊದಲ ವರ್ಷದಲ್ಲಿರುವ ಮಗಳು ಈ ಬಾರಿ ಸ್ಕೀಯಿಂಗ್ ಕಲಿಯಲೇಬೇಕೆಂದು ಹಟ ಹಿಡಿದಾಗ ನಾನು ಒಂದೇ ಷರತ್ತು ಹಾಕಿದೆ. ಹಿಮ ನೋಡಿ, ಫೋಟೊ ತೆಗೆಸಿಕೊಂಡು ಬರುವ ಪ್ರವಾಸಕ್ಕೆ ನಾನು ಒಪ್ಪುವುದಿಲ್ಲ. ಹೋದರೆ ಅವಳೂ ಎಂಟನೇ ತರಗತಿಯ ತಮ್ಮನೂ ಇಳಿಜಾರಿನಲ್ಲಿ ತಾವಾಗಿಯೇ ಜಾರಿ, ತಾವಾಗಿಯೇ ನಿಲ್ಲುವುದನ್ನು ಕಲಿತು ಬರಬೇಕು. ಎರಡು ಊರುಗಳನ್ನು ತೂಗಿ ನೋಡುವಾಗ ನಮಗೆ ಅಳತೆಗೋಲಾದದ್ದು ಈ ಮಾತೇ.

ಮೊದಲು ನನ್ನ ಮನಸ್ಸು ವಾಲಿದ್ದು ಉತ್ತರಾಖಂಡದ ಔಲಿಯ ಕಡೆಗೆ, ಮತ್ತು ಅದಕ್ಕೆ ಕಾರಣ ನಮ್ಮ ಅತ್ತೆಯವರು. ಔಲಿಯ ಕೆಳಗಿರುವ ಜೋಶಿಮಠವೆಂದರೆ ಜ್ಯೋತಿರ್ಮಠ. ಆದಿ ಶಂಕರರು ದಕ್ಷಿಣದಲ್ಲಿ ಶೃಂಗೇರಿಯನ್ನು ಸ್ಥಾಪಿಸಿದಂತೆ ಉತ್ತರದಲ್ಲಿ ಸ್ಥಾಪಿಸಿದರೆಂದು ಪರಂಪರೆ ಹೇಳುವ ಮಠ ಅಲ್ಲಿದೆ. ಅಲ್ಲಿಯ ನರಸಿಂಹ ದೇವಾಲಯದ ಮೂರ್ತಿಯ ಒಂದು ಕೈ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿದೆ, ಅದು ಕಳಚಿ ಬಿದ್ದ ದಿನ ಬದರಿಯ ದಾರಿ ಮುಚ್ಚಿಹೋಗುತ್ತದೆ ಎಂಬ ಪ್ರತೀತಿಯನ್ನು ಅತ್ತೆಯವರು ಎಷ್ಟೋ ಸಲ ಮಕ್ಕಳಿಗೆ ಹೇಳಿದ್ದಾರೆ. ಪ್ರತಿ ವರ್ಷ ದುರ್ಗದ ಯೋಗಾನರಸಿಂಹನಿಗೆ ಮೆಟ್ಟಿಲು ಹತ್ತಿ ಹೋಗುವ ಅವರಿಗೆ ಆ ಹೆಸರು ಕೇಳಿದರೇ ಕಣ್ಣು ತುಂಬುತ್ತದೆ. ಕಲಿಯುವವರ ದೃಷ್ಟಿಯಿಂದಲೂ ಔಲಿ ಕಡಿಮೆಯದೇನಲ್ಲ. 7,816 ಮೀಟರ್ ಎತ್ತರದ ನಂದಾದೇವಿ ಎದುರಿಗೇ ಕಾಣುತ್ತದೆ, 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟ ಅಲ್ಲಿ ನಡೆದಿದೆ, ಗಢವಾಲ್ ಮಂಡಲ ವಿಕಾಸ ನಿಗಮವು ಏಳು ಮತ್ತು ಹದಿನಾಲ್ಕು ದಿನಗಳ ತರಬೇತಿಗಳನ್ನು ನಡೆಸುತ್ತ ಬಂದಿದೆ.

ಆದರೆ ಕಾಗದದ ಮೇಲೆ ದಿನಗಳನ್ನು ಬರೆದುಕೊಂಡಾಗ ಲೆಕ್ಕ ಹೊಂದಲಿಲ್ಲ. ನಮಗೆ ಸಿಗುವ ರಜೆ ಎಂಟು ದಿನ. ಋಷಿಕೇಶದಿಂದ ಜೋಶಿಮಠಕ್ಕೆ ಸುಮಾರು 250 ಕಿಲೋಮೀಟರ್, ಅದೂ ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗಗಳನ್ನು ಹಾದು ನದಿಯ ಬದಿಯಲ್ಲೇ ಸುತ್ತಿ ಸುತ್ತಿ ಏರುವ ದಾರಿ. ಹೋಗಲು ಎರಡು ದಿನ, ಬರಲು ಎರಡು ದಿನ ಕಳೆದರೆ ಹಿಮದ ಮೇಲೆ ಉಳಿಯುವುದು ನಾಲ್ಕು ದಿನ. ಗುಡ್ಡ ಜರಿದು ಒಂದು ದಿನ ರಸ್ತೆ ಮುಚ್ಚಿದರೆ ಮೂರೇ. ಏಳು ದಿನದ ತರಬೇತಿಯ ಮಾತು ಅಲ್ಲಿಗೇ ನಿಂತಿತು.

ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡಿತು. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದು, ಎಂಟುನೂರಕ್ಕೂ ಹೆಚ್ಚು ಕಟ್ಟಡಗಳಲ್ಲಿ ಬಿರುಕು ಬಿಟ್ಟು, ನೂರಾರು ಕುಟುಂಬಗಳು ಮನೆ ಬಿಟ್ಟು ಹೊರಬಂದವು. ಊರು ಹಳೆಯ ಭೂಕುಸಿತದ ಮಣ್ಣುಕಲ್ಲಿನ ರಾಶಿಯ ಮೇಲೆ ನಿಂತಿದೆ, ಭಾರಿ ಕಟ್ಟಡಗಳು ಬೇಡ ಎಂದು 1976ರಲ್ಲೇ ಮಿಶ್ರಾ ಸಮಿತಿ ಎಚ್ಚರಿಸಿತ್ತು. ಜೋಶಿಮಠದಿಂದ ಔಲಿಗೆ ಏರುತ್ತಿದ್ದ ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ರೋಪ್‌ವೇ ಕೂಡ ಆಗಲೇ ನಿಂತಿತು. ಪ್ರವಾಸಿಗರು ಹೋಗದಿದ್ದರೆ ಅಲ್ಲಿಯವರ ಹೊಟ್ಟೆಪಾಡಿಗೆ ಪೆಟ್ಟು ಎಂಬುದೂ ನಿಜವೇ. ಆದರೂ ಭಾರ ತಾಳಲಾರದ ನೆಲದ ಮೇಲೆ ಆಟಕ್ಕೆಂದು ಹೋಗಿ ಇಳಿದುಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

ಕಾಶ್ಮೀರದ ಗುಲ್ಮಾರ್ಗದ ವಿಷಯದಲ್ಲಿ ಎಲ್ಲರೂ ಹೊಗಳುವುದು ಗೊಂಡೋಲಾವನ್ನು, ಅಂದರೆ ಅಲ್ಲಿಯ ರೋಪ್‌ವೇಯನ್ನು. ಸುಮಾರು 2,650 ಮೀಟರ್ ಎತ್ತರದ ಊರಿನಿಂದ ಮೊದಲ ಹಂತದಲ್ಲಿ ಕೊಂಗ್‌ಡೂರಿಗೆ, ಎರಡನೇ ಹಂತದಲ್ಲಿ ಅಫರ್ವಟ್ ಪರ್ವತದ ಭುಜಕ್ಕೆ, ಅಂದರೆ ಹತ್ತಿರ ಹತ್ತಿರ 3,980 ಮೀಟರಿಗೆ ಅದು ಒಯ್ಯುತ್ತದೆ. ಆದರೆ ಆ ಮೇಲಿನ ಇಳಿಜಾರುಗಳು ನಮ್ಮಂಥವರಿಗಲ್ಲ. ಯಂತ್ರದಿಂದ ಸಮತಟ್ಟು ಮಾಡದ, ಹಿಮ ಹೇಗೆ ಬಿದ್ದಿದೆಯೋ ಹಾಗೆಯೇ ಇರುವ ಜಾಗಗಳವು. ಹೊಸ ಹಿಮದ ಪದರ ಹಳೆಯದರ ಮೇಲೆ ಗಟ್ಟಿಯಾಗಿ ಕೂರದಿದ್ದಾಗ ಅಲ್ಲಿ ಹಿಮಕುಸಿತವಾಗುತ್ತದೆ, ಜೀವಗಳೂ ಹೋಗಿವೆ. ಮಗಳು ಎಷ್ಟು ಕೇಳಿದರೂ ಸ್ಕೀ ಕಟ್ಟಿಕೊಂಡು ಅಲ್ಲಿಂದ ಇಳಿಯಲು ಬಿಡುವುದಿಲ್ಲವೆಂದು ಮೊದಲೇ ಹೇಳಿದ್ದೇನೆ. ನಮಗೆ ಬೇಕಾದದ್ದು ಕೆಳಗಿನ ಹುಲ್ಲುಗಾವಲಿನ ಮಂದ ಇಳಿಜಾರು. ಸ್ಕೀಗಳ ಮುಂದಿನ ತುದಿಗಳನ್ನು ಹತ್ತಿರ ತಂದು, ಹಿಂಬದಿಗಳನ್ನು ಅಗಲಿಸಿ, ಒಳಅಂಚುಗಳನ್ನು ಹಿಮಕ್ಕೆ ಒತ್ತಿ ವೇಗ ತಗ್ಗಿಸುವುದೇ ಮೊದಲ ಪಾಠ. ಅದು ಕಾಲಿಗೆ ಹತ್ತಲು ಎರಡು ಮೂರು ದಿನ ಬೇಕು, ತಿರುಗುವುದು ಆಮೇಲಿನ ಮಾತು. ಅಷ್ಟಕ್ಕೆ ಗೊಂಡೋಲಾ ಏರುವ ಅಗತ್ಯವೇ ಇಲ್ಲ. ಶ್ರೀನಗರದ ವಿಮಾನ ನಿಲ್ದಾಣದಿಂದ ಗುಲ್ಮಾರ್ಗಕ್ಕೆ ಅರವತ್ತು ಕಿಲೋಮೀಟರಿಗಿಂತ ಕಡಿಮೆ ದಾರಿ. ಹೆಚ್ಚು ಹಿಮ ಬಿದ್ದ ದಿನ ತಂಗ್‌ಮಾರ್ಗದಲ್ಲಿ ಚಕ್ರಕ್ಕೆ ಸರಪಳಿ ಹಾಕಿದ ಗಾಡಿಗೆ ಬದಲಾಯಿಸಿಕೊಳ್ಳಬೇಕು, ಅಷ್ಟೆ. ಹೀಗೆ ಕಲಿಯಲು ಐದು ದಿನ ಸಿಗುತ್ತದೆ.

ಹಿಮದ ಭರವಸೆ ಎರಡೂ ಕಡೆ ಮೊದಲಿನಂತಿಲ್ಲ. ಔಲಿಯಲ್ಲಿ 2023ರ ಸ್ಪರ್ಧೆಗಳು ಹಿಮವಿಲ್ಲದೆ ರದ್ದಾದವು. ಗುಲ್ಮಾರ್ಗದಲ್ಲಿ 2024ರ ಜನವರಿಯ ಬಹುಪಾಲು ಒಣಗಿಯೇ ಕಳೆಯಿತು, 2025ರಲ್ಲಿ ಫೆಬ್ರವರಿಯ ಖೇಲೊ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಮಾರ್ಚ್‌ಗೆ ಮುಂದೂಡಬೇಕಾಯಿತು. ಆದರೆ ಊರಲ್ಲಿ ಹಿಮ ತೆಳುವಾದರೆ ಗೊಂಡೋಲಾದ ಮೊದಲ ಹಂತದವರೆಗೆ, ಸುಮಾರು 400 ಮೀಟರ್ ಮೇಲಕ್ಕೆ, ಹೋಗಲು ಅಲ್ಲಿ ದಾರಿಯಿದೆ. ಕಾಶ್ಮೀರದವರು ಡಿಸೆಂಬರ್ 21ರಿಂದ ನಲವತ್ತು ದಿನಗಳ ಕಡುಚಳಿಯನ್ನು ಚಿಲ್ಲಾಯ್ ಕಲಾನ್ ಎನ್ನುತ್ತಾರೆ. ಅದು ಮುಗಿದ ಬೆನ್ನಿಗೇ, ಫೆಬ್ರವರಿಯ ಮೊದಲ ವಾರದಲ್ಲಿ ನಾವು ಅಲ್ಲಿರುವಂತೆ ಟಿಕೆಟ್ ಮಾಡಿದ್ದೇವೆ. ನಮ್ಮ ಶಾಲೆಗಳ ದಸರಾ ರಜೆಗಾಗಲಿ ಬೇಸಿಗೆ ರಜೆಗಾಗಲಿ ಹಿಮ ಕಾಯುವುದಿಲ್ಲವಾದ್ದರಿಂದ, ಮಗನ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದು ರಜೆ ಕೇಳಿದ್ದಾಯಿತು.

ಭಯದ ಮಾತನ್ನು ಬಿಡಲಾರೆ. 2025ರ ಏಪ್ರಿಲ್ 22ರಂದು ಪಹಲ್ಗಾಮ್ ಬಳಿಯ ಬೈಸರನ್‌ನಲ್ಲಿ ಭಯೋತ್ಪಾದಕರು 26 ಜನರನ್ನು ಕೊಂದರು. ರಜೆಗೆಂದು ಹೋಗಿದ್ದ ನಮ್ಮ ಕರ್ನಾಟಕದವರೂ ಸತ್ತವರಲ್ಲಿದ್ದರು. ಈ ಕಾರಣಕ್ಕೆ ನಮ್ಮ ಯಜಮಾನರು ವಾರವೆಲ್ಲ ಬೇಡವೆಂದೇ ಹೇಳುತ್ತಿದ್ದರು, ಮತ್ತು ಅವರ ಅಂಜಿಕೆಯನ್ನು ನಾನು ತಳ್ಳಿಹಾಕಲಿಲ್ಲ. ಕೊನೆಗೆ ಹೊರಡುವ ಮುಂಚಿನ ದಿನಗಳ ಸರ್ಕಾರದ ಸೂಚನೆಗಳನ್ನು ನೋಡುವುದು, ಸ್ವಲ್ಪ ಅನುಮಾನ ಬಂದರೂ ಹಣ ಹೋದರೆ ಹೋಗಲಿ ಎಂದು ನಿಲ್ಲಿಸಿಬಿಡುವುದು ಎಂದು ಇಬ್ಬರೂ ಒಪ್ಪಿದೆವು.

ಅತ್ತೆಯವರಿಗೆ ಹೇಗೆ ಹೇಳುವುದೆಂದು ನಾನು ಎರಡು ದಿನ ಸಂಕಟಪಟ್ಟೆ. ರಾತ್ರಿ ಊಟಕ್ಕೆ ಬಡಿಸುವಾಗ ಹೇಳಿದಾಗ ಅವರು ಮುದ್ದೆ ಮುರಿಯುತ್ತಲೇ, "ಒಳ್ಳೇದಾಯ್ತು ಬಿಡಮ್ಮ. ಸ್ವಾಮಿ ನೋಡೋಕೆ ಅಂತಾನೇ ಒಂದ್ಸಲ ಹೋಗೋಣ. ಹುಡುಗರ ಆಟದ ಮಧ್ಯೆ ಒಂದು ಗಳಿಗೆ ಹೋಗಿ ಕೈಮುಗಿದು ಓಡಿ ಬರೋದು ಬೇಡ" ಎಂದರು. ಈಗ ಪ್ರತಿ ಭಾನುವಾರ ಮಕ್ಕಳು ತೊಡೆಯ ಬಲ ಹೆಚ್ಚಲೆಂದು ದುರ್ಗದ ಮೆಟ್ಟಿಲು ಹತ್ತಿ ಇಳಿಯುತ್ತಾರೆ, ಅವರಿಗಿಂತ ನಿಧಾನವಾಗಿ ಅತ್ತೆಯವರೂ ಹತ್ತುತ್ತಾರೆ.