ಫೋಟೋ ಹಾಕಿದ್ದು ಪಾರ್ಟಿ, ಬ್ಯಾನರ್ ಮಾಡಿದ್ದು ನಾವು

ಬಳ್ಳಾರಿಯ ಜೀನ್ಸ್ ಯೂನಿಟ್‌ಗಳ ಮಾಲನ್ನು ಹೋಲ್‌ಸೇಲ್ ವ್ಯಾಪಾರಿಗಳಿಗೆ ತೋರಿಸುವ ಸೈಟು ನಮ್ಮದು. ಲಾಟ್, ಸೈಜ್ ಸೆಟ್, ಫೋಟೋ ಎಲ್ಲವನ್ನೂ ಯೂನಿಟ್‌ನವರೇ (ನಮ್ಮ ಮಾತಲ್ಲಿ 'ಪಾರ್ಟಿ') ಲಾಗಿನ್ ಆಗಿ ಹಾಕುತ್ತಾರೆ. ಒಂದು ಶನಿವಾರ ರಾತ್ರಿ ಎಂಟಕ್ಕೆ ಸಪೋರ್ಟ್ ಐಡಿಗೆ ದೂರು ಬಂತು. ಕೌಲ್ ಬಜಾರ್ ಕಡೆಯ ಒಬ್ಬ ಯೂನಿಟ್ ಮಾಲೀಕರದು. ಅವರು ದುಡ್ಡು ಕೊಟ್ಟು ಮಾಡಿಸಿದ ಮಾಡೆಲ್ ಶೂಟ್‌ನ ಫೋಟೋ ಇನ್ನೊಬ್ಬರ ಲಿಸ್ಟಿಂಗ್‌ನಲ್ಲಿತ್ತು. ಲಿಂಕ್, ಶೂಟ್‌ನ ಬಿಲ್, ಕೇಸ್ ಹಾಕಿ 21 ದಿನದೊಳಗೆ ಕೋರ್ಟ್ ಆದೇಶ ತರುತ್ತೇನೆ ಎಂಬ ಮುಚ್ಚಳಿಕೆ, ಎಲ್ಲ ಸರಿಯಾಗಿ ಲಗತ್ತಿಸಿದ್ದರು.

ಮ್ಯಾನೇಜರ್‌ಗೆ ಫೋನ್ ಮಾಡಿದೆ. "ಹಾಕಿದ್ದು ಪಾರ್ಟಿ, ನಮಗೇನು ಸಂಬಂಧ? ಸೋಮವಾರ ನೋಡಿದ್ರಾಯ್ತು" ಎಂದರು.

ಸೋಮವಾರದವರೆಗೆ ಕಾಯುವ ಹಾಗಿರಲಿಲ್ಲ. ದೂರು ಸರಿ ಅನ್ನಿಸಿದರೆ 36 ಗಂಟೆಯೊಳಗೆ ಆ ಫೋಟೋ ಯಾರಿಗೂ ಸಿಗದಂತೆ ಮಾಡಬೇಕು ಎನ್ನುತ್ತದೆ 2013ರ ಕಾಪಿರೈಟ್ ನಿಯಮ. ಶನಿವಾರ ರಾತ್ರಿ ಎಂಟರಿಂದ ಲೆಕ್ಕ ಹಾಕಿದರೆ ಸೋಮವಾರ ಬೆಳಿಗ್ಗೆ ಎಂಟಕ್ಕೆ ಗಡುವು ಮುಗಿಯುತ್ತದೆ. ನಮ್ಮ ಆಫೀಸ್ ತೆರೆಯುವುದೇ ಹತ್ತಕ್ಕೆ. ದುಡ್ಡು ಕೊಟ್ಟು ತೆಗೆಸಿದ ಫೋಟೋ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದೇ ಆಗುತ್ತದೆ. ಬಿಲ್ ಕಣ್ಣೆದುರೇ ಇತ್ತು. ಲಿಸ್ಟಿಂಗ್ ಹೈಡ್ ಮಾಡಿದೆ. ಡಿಲೀಟ್ ಮಾಡಲಿಲ್ಲ. 21 ದಿನದಲ್ಲಿ ಆದೇಶ ಬರದಿದ್ದರೆ ಮತ್ತೆ ತೋರಿಸಬಹುದು, ಅದೂ ಅಲ್ಲದೆ ದಾಖಲೆ ನಮ್ಮಲ್ಲಿ ಉಳಿಯಬೇಕಲ್ವಾ.

ಹಾಕಿದವರಿಗೆ ಫೋನ್ ಮಾಡಿ, "ಫೋಟೋ ಎಲ್ಲಿಂದ ಬಂತು ಅಣ್ಣಾ?" ಎಂದು ಕೇಳಿದೆ. "ವಾಟ್ಸಾಪ್ ಗ್ರೂಪಲ್ಲಿ ಬಂದಿತ್ತು, ಎಲ್ಲರೂ ಹಾಕ್ಯಾರ" ಎಂದರು.

ಇಷ್ಟಕ್ಕೇ ನಿಂತಿದ್ದರೆ ನಮ್ಮ ಮೇಲೆ ದೊಡ್ಡ ಹೊಣೆ ಬರುತ್ತಿರಲಿಲ್ಲ. ಸಾವಿರಾರು ಜನ ಹಾಕುವ ಪ್ರತಿಯೊಂದೂ ಸೈಟಿನವರಿಗೆ ಗೊತ್ತಿರುತ್ತದೆ ಎಂದು ಊಹಿಸುವಂತಿಲ್ಲ, ಇಂಥದ್ದೇ ಎಂದು ನಿರ್ದಿಷ್ಟವಾಗಿ ಗೊತ್ತಿರಬೇಕು ಎಂದು, ಜನ ತಾವೇ ಹಾಡು, ವಿಡಿಯೋ ಹಾಕುವ ಸೈಟಾದ ಮೈಸ್ಪೇಸ್‌ನ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ಹೇಳಿದೆ. ಸಾಫ್ಟ್‌ವೇರ್ ತಾನೇ ಫೈಲಿನ ಫಾರ್ಮ್ಯಾಟ್ ಬದಲಿಸಿದರೆ ಅದನ್ನು ನಾವು ತಿದ್ದಿದಂತೆ ಎಂದೂ ಆ ಕೋರ್ಟ್ ನೋಡಲಿಲ್ಲ.

ಆದರೆ ಹೋಮ್‌ಪೇಜ್ ತೆರೆದಾಗ ಎದೆ ಧಸಕ್ಕೆಂದಿತು. ಅದೇ ಹುಡುಗ, ಅದೇ ಗೋಡೆ, ಅದೇ ಜೀನ್ಸ್. ಹಬ್ಬದ ಆಫರ್ ಬ್ಯಾನರ್‌ನಲ್ಲಿ! ಜೂಮ್ ಮಾಡಿದೆ. ಹಿಂದಿನ ಜೇಬಿನ ಮೇಲಿನ ಪಟ್ಟಿಯಲ್ಲಿ ದೂರುದಾರರ ಯೂನಿಟ್‌ನ ಹೆಸರಿತ್ತು. ಅದನ್ನು ನಮ್ಮ ಡಿಸೈನ್ ಟೀಂ ಬ್ಲರ್ ಮಾಡಿತ್ತು. ಕೊನೆಯ ಅಕ್ಷರದ ಕೊಂಬು ಮಾತ್ರ ಇನ್ನೂ ಕಾಣುತ್ತಿತ್ತು. ಬೇರೆಯವರು ಹಾಕಿದ್ದರ ಹೊಣೆಯಿಂದ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 79ನೇ ಕಲಂ ರಕ್ಷಣೆ ಕೊಡುವುದು ಮಾಹಿತಿಯನ್ನು ತಾನೇ ಆರಿಸದ, ತಿದ್ದದ ಮಧ್ಯವರ್ತಿಗೆ, ಅಂದರೆ ನಮ್ಮಂಥ ಸೈಟಿಗೆ. ಇಲ್ಲಿ ಆರಿಸಿದ್ದೂ ನಾವೇ, ತಿದ್ದಿದ್ದೂ ನಾವೇ. 'ಪಾರ್ಟಿ ಹಾಕಿದ್ದು' ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಬ್ಯಾನರ್ ತೆಗೆಯುವ ಪರ್ಮಿಷನ್ ಒಬ್ಬನೇ ಡೆವಲಪರ್‌ಗೆ ಇತ್ತು. ಅವನು ಸಿರುಗುಪ್ಪದಲ್ಲಿ ಮದುವೆಗೆ ಹೋಗಿದ್ದ. ಡಿಜೆ ಸದ್ದಿನಲ್ಲಿ ನನ್ನ ಮಾತು ಅವನಿಗೆ ಕೇಳಲಿಲ್ಲ, ಅವನದು ನನಗೆ ಕೇಳಲಿಲ್ಲ. ಸ್ಕ್ರೀನ್‌ಶಾಟ್ ಕಳಿಸಿದ ಮೇಲೆ ಮಂಟಪದ ಹೊರಗೆ ಬಂದು ಮೊಬೈಲಿನಲ್ಲೇ ತೆಗೆದ. ಆದರೂ ಕ್ಯಾಶೆಯಿಂದಾಗಿ, ಅಂದರೆ ಮೊದಲೇ ಉಳಿಸಿಟ್ಟ ಪ್ರತಿಯಿಂದಾಗಿ, ನನ್ನ ಫೋನಿನಲ್ಲಿ ಹಳೇ ಬ್ಯಾನರ್ ಹಾಗೇ ಇತ್ತು. ಅದನ್ನೂ ಕ್ಲಿಯರ್ ಮಾಡಿಸಿ, ರಾತ್ರಿಯೇ ದೂರುದಾರರಿಗೆ ಉತ್ತರ ಬರೆದೆ.

ಸೋಮವಾರ ಅವರೇ ಆಫೀಸಿಗೆ ಬಂದರು. "ಲಿಸ್ಟಿಂಗ್ ತೆಗೆದ್ರಿ, ಸಂತೋಷ. ನನ್ನ ಹೆಸರು ಅಳಿಸಿದವರು ಯಾರು?" ಎಂದರು. ಮ್ಯಾನೇಜರ್ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ಫೋಟೋ ಬಳಸಿದ್ದಕ್ಕೆ ದುಡ್ಡು ಕೊಟ್ಟು, ಬರಹದಲ್ಲಿ ರಾಜಿ ಮಾಡಿಕೊಂಡೆವು. ಈಗ ಯಾವ ಫೋಟೋವನ್ನಾದರೂ ಬ್ಯಾನರ್‌ಗೆ ತೆಗೆದುಕೊಳ್ಳುವ ಮೊದಲು ಯೂನಿಟ್‌ನವರ ಲಿಖಿತ ಒಪ್ಪಿಗೆ ಮತ್ತು ಶೂಟ್‌ನ ಬಿಲ್ ಕೇಳುತ್ತೇವೆ. ವಾರಾಂತ್ಯದ ಡ್ಯೂಟಿಯವರಿಗೆ ಬ್ಯಾನರ್ ತೆಗೆಯುವ ಪರ್ಮಿಷನ್ ಕೊಡಿ ಎಂದು ಅಂದೇ ಬರೆದು ಕೊಟ್ಟಿದ್ದೇನೆ. ಇನ್ನೂ ಕೊಟ್ಟಿಲ್ಲ.